ಅಥಣಿ ಸೀಮೆಯ ಮೂಡಣ ಭಾಗ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳು ನಕಾಶೆಯಲ್ಲಿ ಒಂದೇ ಸೀಮೆಯಾಗಿ ತೋರುವವು. ಆದರೆ ಪಡುವಣದಿಂದ ಮೂಡಣಕ್ಕೆ ಪ್ರಯಾಣ ಮಾಡುವವನಿಗೆ ನಾಡಿನ ರೂಪವೇ ಬದಲಾಗುತ್ತ ಹೋಗುವದು. ನಿಪ್ಪಾಣಿಯ ಕಡೆಗೆ ವೇದಗಂಗಾ, ದೂಧಗಂಗಾ ನದಿಗಳೂ ತಂಬಾಕಿನ ಹೊಲಗಳೂ ಒತ್ತೊತ್ತಾಗಿ ಊರುಗಳೂ ಇರುವವು. ಕೃಷ್ಣೆಯನ್ನು ದಾಟಿ ಅಥಣಿಯ ಮೂಡಣಕ್ಕೆ ತೆಲಸಂಗ, ಕೊಕಟನೂರ, ಐಗಳಿಗಳ ಕಡೆಗೆ ನಡೆದರೆ ಬಯಲೇ ಬಯಲು. ಒಂದೂರಿಗೂ ಮತ್ತೊಂದೂರಿಗೂ ಅಂತರ ಬಹಳ. ಇಲ್ಲಿ ಜನವಸತಿಯು ವಿರಳವಾದುದಕ್ಕೆ ನೀರಿನ ಅಭಾವವೇ ಮುಖ್ಯ ಕಾರಣವು.

ಪಡುವಣ ಕಡಲಿನಿಂದ ಬರುವ ಮುಂಗಾರಿನ ಮೋಡಗಳು ಸಹ್ಯಾದ್ರಿಯ ಮೇಲೆ ಬಹುಪಾಲು ನೀರನ್ನು ಸುರಿದು, ಹಗುರಾಗಿ ಇತ್ತ ಬರುವವು. ಆದುದರಿಂದ ಇಲ್ಲಿಯ ಒಕ್ಕಲಿಗನ ದೃಷ್ಟಿಯೆಲ್ಲ ಹಿಂಗಾರಿನ ಮೇಲೆ. ಆ ಮಳೆಯನ್ನು ಕುಡಿದ ಎರೆಮಣ್ಣು ಮಾಗಿಯವರೆಗೆ ಹಸಿಯನ್ನು ಕಾದಿಟ್ಟುಕೊಂಡು ಬಿಳಿಜೋಳ, ಕಡಲೆ, ಕುಸುಬೆಗಳನ್ನು ಬೆಳೆಯಿಸುವದು. ಮಣ್ಣು ತೆಳುವಾದ ಮರಡಿಗಳು ಕುರಿಮೇವಿಗೆ ಮಾತ್ರ ಯೋಗ್ಯ. ಸಾಂಗಲಿ ಜಿಲ್ಲೆಯಿಂದ ಹರಿದುಬಂದು ಕೃಷ್ಣೆಯನ್ನು ಸೇರುವ ಅಗ್ರಣಿ ನದಿಯೂ ಬೇಸಗೆಯಲ್ಲಿ ಬತ್ತುವದು.

ಆದರೂ ಈ ಸೀಮೆಯು ಇತಿಹಾಸಕ್ಕೆ ಹೊರತಾದುದಲ್ಲ. ಆದಿಲಶಾಹಿಯ ಕಾಲದಲ್ಲಿ ವಿಜಾಪುರದಿಂದ ಗೋವೆಯ ಕಡೆಗೆ ಹೋಗುವ ದಾರಿಯಲ್ಲಿ ಅಥಣಿಯು ದೊಡ್ಡ ಪೇಟೆಯಾಗಿದ್ದಿತು. ೧೬೩೯ರ ಸುಮಾರಿಗೆ ಜರ್ಮನ್ ಪ್ರವಾಸಿ ಮ್ಯಾಂಡೆಲ್ಸ್ಲೋ ಇದನ್ನು ಹೇಳಿರುವನು. ೧೬೭೯ರಲ್ಲಿ ಮೊಗಲ ಸೇನಾಪತಿ ದಿಲೇರಖಾನನು ಇದೇ ಪೇಟೆಯನ್ನು ಸುಲಿದನು. ೧೮೭೬ರಿಂದ ೧೮೭೮ರ ವರೆಗಿನ ಘೋರ ಬರಗಾಲವು ಬೆಳಗಾವಿ ಜಿಲ್ಲೆಯನ್ನು ಎಷ್ಟು ಪೀಡಿಸಿತೆಂದರೆ, ೧೮೭೨ರ ಖಾನೇಸುಮಾರಿಗಿಂತ ೧೮೮೧ರ ಖಾನೇಸುಮಾರಿಯಲ್ಲಿ ಜನಸಂಖ್ಯೆಯೇ ಕುಗ್ಗಿದ್ದಿತು.

ಚದರಿದ ಹಳ್ಳಿಗಳನ್ನು ಒಂದುಗೂಡಿಸಿದವು ಸಂತೆ, ಜಾತ್ರೆ, ಮಠಗಳು. ೧೮೩೬ರಲ್ಲಿ ಕೃಷ್ಣಾತೀರದ ನದಿ ಇಂಗಳಗಾಂವದಲ್ಲಿ ಅವತರಿಸಿ ೧೯೨೧ರಲ್ಲಿ ಲಿಂಗೈಕ್ಯರಾದ ಮುರುಘೇಂದ್ರ ಶಿವಯೋಗಿಗಳಿಂದ ಅಥಣಿಯ ಗಚ್ಚಿನಮಠವು ದೂರದೂರದ ಜನರಿಗೆ ಆಶ್ರಯವಾಯಿತು. ೧೯೫೬ರ ನವೆಂಬರ ೧ರಂದು ಮುಂಬಯಿ ರಾಜ್ಯದಿಂದ ಬೇರ್ಪಟ್ಟು ಈ ನಾಡು ಕನ್ನಡಿಗರ ಏಕೀಕೃತ ರಾಜ್ಯವನ್ನು ಸೇರಿತು.

ಈಗ ಹಿಪ್ಪರಗಿ ಯೋಜನೆಯ ಹಲ್ಯಾಳ, ಐನಾಪುರ ಏತ ನೀರಾವರಿಗಳಿಂದ ಕೃಷ್ಣೆಯ ನೀರು ಒಣಭೂಮಿಯನ್ನು ಏರಿ ಬಂದಿದೆ. ತೆಲಸಂಗದ ಸುತ್ತಲಿನ ರೈತರು ದ್ರಾಕ್ಷಿಯನ್ನು ಬೆಳೆದು ಒಣದ್ರಾಕ್ಷಿಯನ್ನು ಮಾರುತ್ತಿರುವರು. ಇದು ಸಂತೋಷದ ವಿಷಯವೇ ಸರಿ. ಆದರೆ ನದಿಯ ದಂಡೆಯ ಉಗಾರದ ಕಡೆಗೂ ಒಮ್ಮೆ ನೋಡತಕ್ಕದ್ದು. ಅಲ್ಲಿ ಕಬ್ಬಿಗೆ ಮಿತಿಮೀರಿ ನೀರು ಹಾಯಿಸಿದುದರಿಂದಲೂ, ಆ ನೀರು ಹೊರಬೀಳಲು ಬಸಿಗಾಲುವೆಗಳು ಸಾಲದುದರಿಂದಲೂ ಎಷ್ಟೋ ಎರೆಭೂಮಿಗಳು ಸವಳು-ಜವಳಾಗಿವೆ. ಭೂಮಿಯೊಳಗಿನ ಉಪ್ಪು ಮೇಲೇರಿ ಹೊಲದ ಮೇಲೆ ಬೆಳ್ಳಗೆ ಕೂತರೆ ಅಲ್ಲಿ ಬೆಳೆಯೇ ಏಳಲಾರದು. ನೀರಿಲ್ಲದೆ ಹೊಲ ಬಿಟ್ಟು ಹೋಗುವದೂ, ನೀರು ಹೆಚ್ಚಾಗಿ ಹೊಲ ಬಿಡುವದೂ ಒಕ್ಕಲಿಗನಿಗೆ ಒಂದೇ ಹಾನಿ.

ತಲೆತಲಾಂತರದಿಂದ ಒಂದು ಕೊಡ ನೀರನ್ನು ಅಳೆದು ಬಳಸಿದ ಜನರಿವರು. ಬರದ ಕಾಲದಲ್ಲಿ ಕಲಿತ ಆ ಮಿತವನ್ನು ಕಾಲುವೆಯ ಕಾಲದಲ್ಲಿಯೂ ಬಿಡದಿದ್ದರೆ, ಹಿರಿಯರು ಕಾಯ್ದುಕೊಟ್ಟ ಎರೆಮಣ್ಣು ಮಕ್ಕಳ ಕಾಲಕ್ಕೂ ಉಳಿಯುವದು.