ಏಳು ಸರ್ವರ್‌ಗೆ ಹೋಯ್ತು, ಎಂಟನೆಯದಕ್ಕೆ?

ಶುಕ್ರವಾರ ರಿಲೀಸ್ ಮುಗಿಸಿ, ಹಿಂಜವಡಿ ಟ್ರಾಫಿಕ್ ದಾಟಿ, ವಾಕಡ್‌ನಲ್ಲಿ ಹುಬ್ಬಳ್ಳಿ ಬಸ್ ಹಿಡಿಯೋರಿಗೆ ಇವತ್ತಿನ ವಿಷಯ: ಒಂದೇ ಫೈಲನ್ನು ಹತ್ತಾರು ಲಿನಕ್ಸ್ ಸರ್ವರ್‌ಗಳಿಗೆ ಸ್ಕ್ರಿಪ್ಟ್ ಮೂಲಕ ಕಳಿಸೋದು.

ಕಳಿಸೋದೇನೂ ಕಷ್ಟ ಅಲ್ಲ. 1996ರಿಂದ ಆರ್‌ಸಿಂಕ್ ಇದೆ, ಸರ್ವರ್ ಪಟ್ಟಿ ಮೇಲೆ ಒಂದು ಲೂಪ್ ಹಾಕಿದ್ರೆ ಆಯ್ತು. ಎಲ್ಲಾ ಕಡೆ ತಲುಪಿದೆಯಾ ಅನ್ನೋದೇ ಕಷ್ಟದ ಪ್ರಶ್ನೆ.

ಅಮೆರಿಕದ ನೈಟ್ ಕ್ಯಾಪಿಟಲ್ ಷೇರು ವಹಿವಾಟಿನ ಕಂಪನಿಯಾಗಿತ್ತು. 2012ರ ಜುಲೈ ಕೊನೆಯಲ್ಲಿ ಅವರು ಹೊಸ ಕೋಡನ್ನು 8 ಸರ್ವರ್‌ಗಳಿಗೆ ಹಾಕಬೇಕಿತ್ತು. ಹೋಗಿದ್ದು 7ಕ್ಕೆ ಮಾತ್ರ. ಇನ್ನೊಬ್ಬರು ಪರಿಶೀಲಿಸಬೇಕು ಅನ್ನೋ ಲಿಖಿತ ನಿಯಮವೇ ಅಲ್ಲಿರಲಿಲ್ಲ. ಆಗಸ್ಟ್ 1ರ ಬೆಳಿಗ್ಗೆ ಮಾರುಕಟ್ಟೆ ತೆರೆದಾಗ ಎಂಟನೆಯದರಲ್ಲಿದ್ದ ಹಳೇ ಕೋಡ್ ಎದ್ದು ಕೂತಿತು. ಸುಮಾರು 45 ನಿಮಿಷದಲ್ಲಿ ಕಂಪನಿ ಕಳೆದುಕೊಂಡಿದ್ದು 46 ಕೋಟಿ ಡಾಲರ್‌ಗೂ ಹೆಚ್ಚು! ಗಾಬರಿಯಲ್ಲಿ ಅವರು ಸರಿಯಿದ್ದ ಏಳರಿಂದಲೂ ಹೊಸ ಕೋಡ್ ತೆಗೆದ್ರು. ಆ ಏಳೂ ಹಳೇ ದಾರಿ ಹಿಡಿದವು.

ಅದು ಕೈಯಿಂದ ಮಾಡಿದ ಕೆಲಸ, ಸ್ಕ್ರಿಪ್ಟ್ ಇದ್ರೆ ಹೀಗಾಗಲ್ಲ ಅಂತೀರಾ? ಶೆಲ್‌ನಲ್ಲಿ ‘ವೈಲ್ ರೀಡ್’ ಲೂಪ್ ಒಳಗೆ ಎಸ್‌ಎಸ್‌ಎಚ್ ಬರೆದು ನೋಡಿ. ಪಟ್ಟಿಯಲ್ಲಿ ಉಳಿದ ಹೆಸರುಗಳನ್ನೆಲ್ಲ ಅದು ತನ್ನ ಇನ್‌ಪುಟ್ ಅಂದುಕೊಂಡು ನುಂಗಿಬಿಡುತ್ತೆ. ಮೊದಲ ಸರ್ವರ್ ಆದಮೇಲೆ ಲೂಪ್ ಸುಮ್ನೆ ಮುಗಿಯುತ್ತೆ, ಒಂದು ಎರರ್ ಕೂಡ ಇಲ್ಲ. ಎಸ್‌ಎಸ್‌ಎಚ್‌ಗೆ ‘ಮೈನಸ್ ಎನ್’ ಕೊಟ್ಟರೆ ಸರಿಹೋಗುತ್ತೆ.

ಆನ್ಸಿಬಲ್ ಬಳಸೋರೂ ಹುಷಾರು. ಒಂದು ಸರ್ವರ್ ಫೇಲ್ ಆದ್ರೆ ಅದು ಅದನ್ನು ಬಿಟ್ಟು ಉಳಿದವುಗಳ ಜೊತೆ ಮುಂದೆ ಹೋಗುತ್ತೆ, ಅದರ ಡೀಫಾಲ್ಟೇ ಹಾಗೆ. ಅಂದ್ರೆ ಮತ್ತೆ ಏಳು-ಎಂಟರ ಲೆಕ್ಕ. ಅದಕ್ಕೇ ‘ಎನಿ ಎರರ್ಸ್ ಫೇಟಲ್’ ಅನ್ನೋದನ್ನು ನಾನು ಯಾವಾಗಲೂ ಆನ್ ಮಾಡ್ತೀನಿ.

ಇನ್ನೊಂದು, ಕಳಿಸೋದು ಮತ್ತು ಜಾರಿಗೆ ತರೋದು ಎರಡನ್ನೂ ಬೇರೆ ಇಡಿ. ಮೊದಲು ಫೈಲನ್ನು ಎಲ್ಲಾ ಕಡೆ ಹೊಸ ಡೈರೆಕ್ಟರಿಗೆ ಹಾಕಿ. ಪ್ರತಿ ಸರ್ವರ್‌ನಿಂದ ‘ಶಾ 256’ ಚೆಕ್‌ಸಮ್ ತರಿಸಿ. ಪಟ್ಟಿಯಲ್ಲಿ 40 ಹೆಸರಿದ್ರೆ 40 ಉತ್ತರ ಬರಬೇಕು, 40ಕ್ಕೆ 40 ಹೊಂದಬೇಕು. ಒಂದು ಕಮ್ಮಿ ಆದ್ರೂ ಅಲ್ಲೇ ನಿಲ್ಲಿಸಿ. ಹಳೇ ಕೋಡ್ ಇನ್ನೂ ಎಲ್ಲಾ ಕಡೆ ಓಡ್ತಾ ಇರುತ್ತೆ, ಯಾರಿಗೂ ನಷ್ಟ ಇಲ್ಲ. ಹೊಂದಿದ ಮೇಲೆ ಸಿಮ್‌ಲಿಂಕ್ ಬದಲಾಯಿಸಿ, ಸರ್ವಿಸ್ ರೀಸ್ಟಾರ್ಟ್ ಮಾಡಿ. ಹಳೇ ಡೈರೆಕ್ಟರಿಯನ್ನು ಮಾತ್ರ ಅಳಿಸೋಕೆ ಹೋಗಬೇಡಿ, ಬಸ್ಸಿನಲ್ಲಿದ್ದಾಗ ಫೋನ್ ಬಂದ್ರೆ ಹಿಂದಕ್ಕೆ ಹೋಗೋಕೆ ಅದೇ ಬೇಕು.