ಹುಡುಕಿ ಸಿಕ್ಕ ಮಗನೊಡನೆ ನಜರೇತಿಗೆ
(ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ)



ಪಾಸ್ಖಹಬ್ಬ ಮುಗಿಸಿ ಊರಿಗೆ ಹೊರಟ ಮಾತೆ ಮರಿಯಮ್ಮನವರಿಗೂ ಸಂತ ಜೋಸೆಫರಿಗೂ ಮಗ ಜೊತೆಯಲ್ಲಿಲ್ಲವೆಂದು ತಿಳಿದದ್ದು ಒಂದು ದಿನದ ದಾರಿ ನಡೆದ ಮೇಲೆ. ಬಂಧುಬಳಗದಲ್ಲಿ ವಿಚಾರಿಸಿದರು, ಜೆರುಸಲೇಮಿಗೆ ಹಿಂದಿರುಗಿದರು, ಮೂರು ದಿನಗಳಾದ ಮೇಲೆ ಮಹಾದೇವಾಲಯದಲ್ಲಿ ಬಾಲಯೇಸುವನ್ನು ಕಂಡರು. ಕಥೆ ಅಲ್ಲಿಗೆ ಮುಗಿಯಿತೆಂದು ನಾವು ಭಾವಿಸುತ್ತೇವೆ. ಸಂತ ಲೂಕರು ಅಲ್ಲಿಗೆ ನಿಲ್ಲಿಸುವುದಿಲ್ಲ. ಮಗನ ಉತ್ತರ ತಂದೆತಾಯಿಗೆ ಅರ್ಥವಾಗಲಿಲ್ಲ. ಆದರೂ ಮೂವರೂ ಕೂಡಿ ನಜರೇತಿಗೆ ನಡೆದರು, ಅಲ್ಲಿ ಮಗ ಬೆಳೆದರು ಎನ್ನುತ್ತಾರೆ.

ಯೇಸುಸ್ವಾಮಿ ದಾರಿ ತಪ್ಪಿದವರಲ್ಲ, ಪಿತನ ಆಲಯದಲ್ಲಿದ್ದವರು. ಆದರೆ ಆ ತಂದೆತಾಯಿಯ ಸಂಕಟ ನಮ್ಮ ಅನೇಕ ಮನೆಗಳಿಗೆ ಗೊತ್ತು. ಗಾಂಜಾ, ಬ್ರೌನ್ ಶುಗರ್, ಅಮಲಿನ ಮಾತ್ರೆಗಳ ಹಿಂದೆ ಹೋದ ಮಗನನ್ನೋ ಮಗಳನ್ನೋ ಹುಡುಕಿ, ಆಸ್ಪತ್ರೆಗೆ ಸೇರಿಸಿ, ಮನೆಗೆ ಕರೆತಂದ ಕುಟುಂಬಗಳು ನಮ್ಮ ನಡುವೆ ಇವೆ. ಅವರೊಡನೆ ಇಂದು ಒಂದೇ ಮಾತು: ಮಗ ಸಿಕ್ಕಿದ್ದಾನೆ, ನಜರೇತಿನ ದಾರಿ ಇನ್ನೂ ಇದೆ.

ನಾವು ಗುರುಗಳೂ ಇಲ್ಲಿ ತಪ್ಪು ಮಾಡಿದ್ದೇವೆ. ಯುವಕನನ್ನು ಪೀಠದ ಮುಂದೆ ನಿಲ್ಲಿಸಿ, ಬೈಬಲ್ ಮುಟ್ಟಿಸಿ ಆಣೆ ಮಾಡಿಸಿ, ಕೆಲಸವಾಯಿತೆಂದು ಕಳುಹಿಸಿದ್ದೇವೆ. ಆಣೆ ಮುರಿದಾಗ ಅವನನ್ನು ಸುಳ್ಳುಗಾರನೆಂದಿದ್ದೇವೆ. ಚೀನಾದ ವೈದ್ಯರಾದ ಸಂತ ಮಾರ್ಕ್ ಜೀ ತಿಯಾನ್‌ಷಿಯಾಂಗ್ ಹೊಟ್ಟೆನೋವಿಗೆಂದು ಅಫೀಮು ತೆಗೆದುಕೊಂಡು ಅದಕ್ಕೆ ದಾಸರಾದರು. ಅಂದಿನ ಗುರುಗಳಿಗೆ ಇದು ರೋಗವೆಂದು ತಿಳಿಯದೆ, ಸುಮಾರು 30 ವರ್ಷ ಅವರಿಗೆ ಪರಮಪ್ರಸಾದ ದೊರೆಯಲಿಲ್ಲ. ಅವರು ದೇವಾಲಯವನ್ನು ಬಿಡಲಿಲ್ಲ. 1900ರಲ್ಲಿ ತಮ್ಮ ಕುಟುಂಬದವರೊಂದಿಗೆ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟರು. 2000ನೇ ವರ್ಷದಲ್ಲಿ ಎರಡನೇ ಜಾನ್ ಪೌಲರು ಅವರನ್ನು ಸಂತರೆಂದು ಸಾರಿದರು. ಮನುಷ್ಯನನ್ನು ಅವನ ಚಟದಿಂದ ಮಾತ್ರ ಅಳೆಯಬಾರದೆಂದು ಧರ್ಮಸಭೆಯೇ ಹೇಳಿದಂತಾಯಿತು.

ಹಾಗಾದರೆ ಮನೆಯವರು ಏನು ಮಾಡಬೇಕು? ಮೊದಲು, ತಾಳ್ಮೆ. ಮೈನಡುಕ, ವಾಂತಿ, ನೋವು ಸಾಮಾನ್ಯವಾಗಿ ಕೆಲವು ದಿನ ಅಥವಾ ವಾರಗಳಲ್ಲಿ ಇಳಿಯುತ್ತವೆ. ನಿದ್ದೆಗೇಡು, ಸಿಡುಕು, ಬೇಸರ, ಮತ್ತೆ ಬೇಕೆನ್ನುವ ತವಕ ತಿಂಗಳುಗಟ್ಟಲೆ ಇರಬಹುದು. ಅದು ಸೊಕ್ಕಲ್ಲ, ವಾಸಿಯಾಗುತ್ತಿರುವ ಗಾಯ.

ಎರಡನೆಯದು, ಔಷಧ. ಬ್ರೌನ್ ಶುಗರ್ ಬಿಟ್ಟವರಿಗೆ ವೈದ್ಯರು ಬುಪ್ರೆನಾರ್ಫಿನ್ ಮಾತ್ರೆ ಕೊಟ್ಟರೆ, ‘ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸಿದರು’ ಎಂದು ನಾವೇ ನಿಲ್ಲಿಸಬಾರದು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಹಾಗೆ ನಿಲ್ಲಿಸುತ್ತೇವೆಯೇ?

ಮೂರನೆಯದು, ಸತ್ಯ. ಸಾಲ ತೀರಿಸುವುದು, ಕೆಲಸದ ಕಡೆ ಸುಳ್ಳು ಹೇಳುವುದು ಪ್ರೀತಿಯಲ್ಲ. ಹಾಗೆಯೇ ದಿನಕ್ಕೆ ಹತ್ತು ಸಲ ಜೇಬು ತಡಕುವುದೂ, ಊಟಕ್ಕೆ ಕೂತಾಗ ಹಳೆಯದನ್ನು ಕೆದಕುವುದೂ ಪ್ರೀತಿಯಲ್ಲ. ಹಣ, ಫೋನು, ಹಳೆಯ ಸ್ನೇಹಿತರು, ಮನೆಗೆ ಬರುವ ಹೊತ್ತು – ಇವುಗಳ ಬಗ್ಗೆ ಒಮ್ಮೆ ಕೂತು ಒಪ್ಪಂದ ಮಾಡಿಕೊಳ್ಳಿ. ಎಲ್ಲರೂ ಅದರಂತೆ ನಡೆಯಿರಿ. ಈ ಕ್ರಿಸ್ಮಸ್ ದಿನಗಳಲ್ಲಿ ಮನೆಯಲ್ಲಿ ಮಾಡಿದ ದ್ರಾಕ್ಷಿ ವೈನ್ ಮೇಜಿನ ಮೇಲಿದೆಯೇ? ಒಬ್ಬನಿಗಾಗಿ ಮನೆಯವರೆಲ್ಲರೂ ಅದನ್ನು ಬಿಟ್ಟರೆ, ಅದೇ ಆ ಮನೆಯ ಕಾಣಿಕೆ.

ನಾಲ್ಕನೆಯದು, ಮತ್ತೆ ಎಡವಿದರೆ ಬಾಗಿಲು ಮುಚ್ಚಬೇಡಿ. ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಿರಿ. ಇಲ್ಲಿ ಒಂದು ಎಚ್ಚರಿಕೆ: ಬಿಟ್ಟಿದ್ದ ಕಾಲದಲ್ಲಿ ದೇಹದ ತಡೆಯುವ ಶಕ್ತಿ ಕುಗ್ಗಿರುತ್ತದೆ. ಹಿಂದೆ ತೆಗೆದುಕೊಳ್ಳುತ್ತಿದ್ದಷ್ಟೇ ಬ್ರೌನ್ ಶುಗರ್ ಈಗ ಉಸಿರನ್ನೇ ನಿಲ್ಲಿಸಬಹುದು. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿ ತುಟಿ ನೀಲಿಯಾದರೆ ಮಾನ ಮರ್ಯಾದೆ ಎಣಿಸದೆ 108ಕ್ಕೆ ಕರೆ ಮಾಡಿ. ಸಲಹೆಗೆ 14446 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ಕೇಂದ್ರವಿದೆ.

ಕೊನೆಯದಾಗಿ, ತಾಯಂದಿರೇ, ನೀವೂ ದಣಿದಿದ್ದೀರಿ. ನಿದ್ದೆ ಮಾಡಿ, ಊಟ ಮಾಡಿ, ನಂಬುವ ಒಬ್ಬರೊಡನೆ ಮನಸ್ಸು ಬಿಚ್ಚಿ ಅಳಿರಿ. ಮರಿಯಮ್ಮನವರು ಒಬ್ಬರೇ ಹುಡುಕಲಿಲ್ಲ, ಜೋಸೆಫರು ಜೊತೆಗಿದ್ದರು. ತಂದೆಯಂದಿರೇ, ಈ ಭಾರವನ್ನು ಹೆಂಡತಿಯ ತಲೆಗೆ ಮಾತ್ರ ಕಟ್ಟಬೇಡಿ.

ಇನ್ನು ನಾವು, ಧರ್ಮಕೇಂದ್ರದ ಕುಟುಂಬ. ಆ ಹುಡುಗ ಭಾನುವಾರ ಕೊನೆಯ ಬೆಂಚಿನಲ್ಲಿ ಬಂದು ಕೂತಾಗ ಪಿಸುಗುಟ್ಟಿದರೆ ಅವನು ಮುಂದಿನ ವಾರ ಬರುವುದಿಲ್ಲ. ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಕೊಡೋಣ, ‘ಊಟ ಆಯ್ತೇನಪ್ಪಾ?’ ಎಂದು ಕೇಳೋಣ. ಅಷ್ಟು ಸಾಕು.

ನಜರೇತಿನಲ್ಲಿ ನಡೆದ ಪವಾಡವನ್ನು ಶುಭಸಂದೇಶ ಬರೆದಿಲ್ಲ. ಅಲ್ಲಿದ್ದದ್ದು ದಿನನಿತ್ಯದ ಕೆಲಸ, ಊಟ, ಪ್ರಾರ್ಥನೆ. ಅದರಲ್ಲೇ ಮಗ ಬೆಳೆದರು. ಚಟದಿಂದ ಹೊರಬರುತ್ತಿರುವ ನಮ್ಮ ಮಕ್ಕಳಿಗೂ ಅಂಥ ಒಂದೊಂದೇ ದಿನವನ್ನು, ಅವರೊಡನೆ ನಡೆಯುವ ಬಲವನ್ನು ನಮಗೂ ಪವಿತ್ರ ಕುಟುಂಬದ ಪ್ರಾರ್ಥನೆಯಿಂದ ದೇವರು ದಯಪಾಲಿಸಲಿ. ಆಮೆನ್.