ಪದಕದ ಬೆನ್ನು
(ನಾಣ್ಯ ಸಂಗ್ರಾಹಕರ ಕೂಟವೊಂದರಲ್ಲಿ ಮಾಡಿದ ಭಾಷಣ)



ಇಲ್ಲಿ ಸೇರಿರುವವರಲ್ಲಿ ಹೆಚ್ಚಿನವರು ನಾಣ್ಯದವರು. ಅಚ್ಯುತರಾಯನ ಗಂಡಭೇರುಂಡದ ವರಹ, ಟಿಪ್ಪುವಿನ ಆನೆಯ ಕಾಸು, ಇವುಗಳ ನಡುವೆ ನಮ್ಮ ಪೆಟ್ಟಿಗೆ ಪರದೇಶಿಯಂತೆ ಕುಳಿತಿದೆ. ಕೆಂಪು ನಕ್ಷತ್ರ, ಬಾವುಟ, ಕುದುರೆಯ ಮೇಲೊಬ್ಬ ಸವಾರ. ಬಾಗಿಲಲ್ಲೇ ಹಿರಿಯರೊಬ್ಬರು ನಮ್ಮನ್ನು ತಡೆದು, "ನೀವು ಕಮ್ಯುನಿಸ್ಟರಲ್ಲವಲ್ಲ, ಇದನ್ನೇಕೆ ಕೂಡಿಟ್ಟಿದ್ದೀರಿ?" ಎಂದು ಕೇಳಿದರು. ಅಲ್ಲ, ನಿಜ. ಆದರೆ ದುಡಿಯುವವನಿಗೆ ರಾಜ್ಯವು ಮರ್ಯಾದೆ ಕೊಡಬೇಕೆಂದು ನಾವೂ ಸಾರುತ್ತ ಬಂದವರೇ. ಹಾಗೆ ಕೊಟ್ಟೆವೆಂದು ಹೇಳಿಕೊಂಡ ರಾಜ್ಯಗಳು ಯಾರಿಗೆ ಕೊಟ್ಟವು, ಯಾವುದಕ್ಕಾಗಿ ಕೊಟ್ಟವು ಎಂದು ತಿಳಿಯುವ ಆಸೆಯಿಂದ ಶುರುವಾದ ಹುಚ್ಚು ಇದು.

ಇಂದು ಮುಖ್ಯವಾಗಿ ಮಂಗೋಲಿಯಾದ ಪದಕಗಳ ಮಾತು. ಆ ದೇಶದಲ್ಲಿ ಕ್ರಾಂತಿಯಾದದ್ದು 1921ರಲ್ಲಿ, ಜನತಾ ಗಣರಾಜ್ಯ ಘೋಷಣೆಯಾದದ್ದು 1924ರಲ್ಲಿ. ಎರಡೇ ವರ್ಷಗಳ ನಂತರ ಮೊದಲ ಗೌರವ ಪದಕ ಬಂತು. 1936ರಲ್ಲಿ ಧ್ರುವ ನಕ್ಷತ್ರದ ಪದಕ, 1941ರಲ್ಲಿ ಕ್ರಾಂತಿಯ ನಾಯಕ ಸುಖ್‌ಬಾತರ್ ಹೆಸರಿನದು, 1957ರಲ್ಲಿ ಹೆಚ್ಚು ಮಕ್ಕಳ ತಾಯಂದಿರಿಗೆ 'ತಾಯಿಯ ಕೀರ್ತಿ' ಎಂಬುದು. ಹುಲ್ಲುಗಾವಲಿನಲ್ಲಿ ಕುರಿ, ಒಂಟೆ ಮೇಯಿಸುವವರಿಗೂ ಎದೆಗೆ ಚುಚ್ಚಿಕೊಳ್ಳಲು ಒಂದಿಷ್ಟು ಲೋಹ ಸಿಕ್ಕಿತು. ಇದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಹಲವು ಮಂಗೋಲಿಯನ್ ಪದಕಗಳನ್ನು ತಿರುಗಿಸಿ ನೋಡಿದರೆ ಬೆನ್ನಲ್ಲಿ ರಷ್ಯನ್ ಭಾಷೆಯಲ್ಲಿ 'ಟಂಕಸಾಲೆ' ಎಂದು ಕೊರೆದಿರುತ್ತದೆ. ಸ್ವತಂತ್ರವೆಂದು ಹೇಳಿಕೊಂಡ ದೇಶದ ದೊಡ್ಡ ಗೌರವಗಳು ನೆರೆಯವನ ಟಂಕಸಾಲೆಯಲ್ಲಿ ತಯಾರಾದವು. ಆ ಸ್ವಾತಂತ್ರ್ಯ ಎಷ್ಟರಮಟ್ಟಿನದೆಂದು ಪದಕದ ಮುಖ ಹೇಳದಿದ್ದರೂ ಬೆನ್ನು ಹೇಳುತ್ತದೆ.

ಬೆನ್ನು ನೋಡುವುದೇ ನಮ್ಮ ಕಸುಬು. ಮುಖವನ್ನು ಯಾರು ಬೇಕಾದರೂ ನಕಲು ಮಾಡಬಹುದು. ನಮಗೆ ಈ ವಿದ್ಯೆ ಕಲಿಸಿದವರು ನಮ್ಮೂರಿನ ಅಕ್ಕಸಾಲಿಗರು. ಅವರು ಮಂಗೋಲಿಯಾದ ಹೆಸರನ್ನೂ ಕೇಳಿದವರಲ್ಲ. ಮೊದಲ ಸಲ ಪದಕವೊಂದನ್ನು ಅವರ ಮುಂದೆ ಇಟ್ಟಾಗ ಭೂತಗನ್ನಡಿ ಹಿಡಿದು, "ಸ್ವಾಮಿ, ಇದು ಅಚ್ಚಲ್ಲ, ಎರಕ" ಎಂದರು. ಟಂಕಸಾಲೆಯಲ್ಲಿ ಅಚ್ಚು ಒತ್ತಿದ ಲೋಹದ ಅಂಚು ಚೂಪಾಗಿರುತ್ತದೆ, ಬಯಲು ನುಣುಪಾಗಿರುತ್ತದೆ. ಎರಕ ಹೊಯ್ದದ್ದರಲ್ಲಿ ಅಕ್ಷರಗಳು ಸಾಬೂನು ಸವೆದಂತೆ ಮೊಂಡಾಗಿರುತ್ತವೆ, ಅಲ್ಲಲ್ಲಿ ಸೂಜಿಮೊನೆಯಷ್ಟು ಗುಳಿಗಳಿರುತ್ತವೆ. ಅಸಲಿನಿಂದ ಪಡಿಯಚ್ಚು ತೆಗೆದು ಎರೆದಿದ್ದರೆ, ಲೋಹ ಆರುವಾಗ ಕುಗ್ಗುವುದರಿಂದ ಅಳತೆಯೂ ಕೂದಲೆಳೆಯಷ್ಟು ಕಡಮೆಯಾಗುತ್ತದೆ.

ಆಮೇಲೆ ಎನಾಮೆಲ್. ನಿಜವಾದ ಎನಾಮೆಲ್ ಎಂದರೆ ಗಾಜು. ಗಾಜಿನ ಪುಡಿಯನ್ನು ಕುಲುಮೆಯಲ್ಲಿ ಕರಗಿಸಿ ಲೋಹಕ್ಕೆ ಹಿಡಿಸಿದ್ದು. ಅದು ಮುರಿದರೆ ಗಾಜಿನಂತೆಯೇ ಚಕ್ಕೆ ಏಳುತ್ತದೆ, ಸೂಜಿಯಿಂದ ಗೀರಿದರೆ ಗೀರು ಬೀಳುವುದಿಲ್ಲ. ನಕಲಿಯವನು ಬಣ್ಣದ ಅಂಟನ್ನು ತುಂಬಿ ಒಣಗಿಸಿರುತ್ತಾನೆ; ಅದು ಉಗುರಿಗೂ ಸ್ವಲ್ಪ ಮೆತ್ತಗೆ. ಮೂರನೆಯದು ತೂಕ. ಶುದ್ಧ ಬೆಳ್ಳಿ ನೀರಿಗಿಂತ 10.5 ಪಟ್ಟು ಭಾರ, ಹಿತ್ತಾಳೆ ಸುಮಾರು 8.5 ಪಟ್ಟು. ದಾರ ಕಟ್ಟಿ ನೀರಿನಲ್ಲಿ ತೂಗಿದರೆ ಅರ್ಧ ಸಂಶಯ ಪರಿಹಾರ. ಎನಾಮೆಲ್ಲೂ ತಿರುಪೂ ಸೇರಿದಾಗ ಲೆಕ್ಕ ಸ್ವಲ್ಪ ಏರುಪೇರಾಗುವುದರಿಂದ ಅರ್ಧ ಎಂದೆವು. ತಿರುಪಿಗೂ ಒಂದು ಚರಿತ್ರೆಯಿದೆ. ಸೋವಿಯತ್ ಪದಕಗಳಲ್ಲಿ ಹಲವು ಮೊದಲು ಅಂಗಿಗೆ ತೂತು ಮಾಡಿ ತಿರುಪು ಬಿಗಿಯುವಂಥವು. 1943ರ ಆಜ್ಞೆಯ ನಂತರ ಅವುಗಳಲ್ಲಿ ಎಷ್ಟೋ ಐದು ಮೂಲೆಯ ಪಟ್ಟಿಯಿಂದ ತೂಗತೊಡಗಿದವು. ಹಳೆಯದನ್ನೇ ಹೊಸ ಮಾದರಿಗೆ ತಿದ್ದಿದ್ದೂ ಉಂಟು. ಆದ್ದರಿಂದ ತಿದ್ದಿದ ಗುರುತು ಕಂಡ ಮಾತ್ರಕ್ಕೆ ನಕಲಿ ಎಂದು ಕೂಗಬಾರದು.

ಇಷ್ಟೆಲ್ಲ ಕಲಿತ ಮೇಲೂ ನಾವು ಮೋಸ ಹೋದೆವು. 1920ರ ದಶಕದ ಮಂಗೋಲಿಯನ್ ಪದಕವೆಂದು ಒಬ್ಬ ವ್ಯಾಪಾರಿ ಅಂಚೆಯಲ್ಲಿ ಕಳಿಸಿದ್ದನ್ನು ಎರಡು ತಿಂಗಳ ಸಂಬಳ ಕೊಟ್ಟು ಕೊಂಡೆವು. ತೂಕ ಸರಿ, ಬೆಳ್ಳಿ ಸರಿ, ಎನಾಮೆಲ್ ಗಾಜೇ. ಹೆಮ್ಮೆಯಿಂದ ಬೀಗುತ್ತಿದ್ದೆವು. ಆಗ ಮುಂಡಗೋಡದಿಂದ ಗೆಳೆಯರೊಬ್ಬರ ಜತೆ ಒಬ್ಬ ಭಿಕ್ಷುಗಳು ಬಂದರು. ಮುಂಡಗೋಡದ ಟಿಬೆಟನ್ ವಸತಿಯಲ್ಲಿರುವ ದ್ರೆಪುಂಗ್ ಗೋಮಾಂಗ್ ಮಠಕ್ಕೂ ಮಂಗೋಲಿಯಾಕ್ಕೂ ಹಳೆಯ ನಂಟು; ಇಂದಿಗೂ ಆ ದೇಶದ ಹುಡುಗರು ಅಲ್ಲಿ ಓದುತ್ತಾರೆ. ಇವರೂ ಅಲ್ಲಿಯವರೇ. ಪದಕವನ್ನು ಕೈಗಿತ್ತೆವು. ಮಂಗೋಲಿಯಾದ ಹಳೆಯ ಲಿಪಿ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. 1941ರಲ್ಲಿ ಅದನ್ನು ಬಿಟ್ಟು ರಷ್ಯನ್ ಲಿಪಿ ತರಬೇಕೆಂದು ಸರ್ಕಾರ ತೀರ್ಮಾನಿಸಿತು. 1946ರಿಂದ ಅದೇ ಪೂರ್ತಿಯಾಗಿ ಬಳಕೆಗೆ ಬಂತು. ಹಾಗಾಗಿ ಇಪ್ಪತ್ತರ ದಶಕದ ಪದಕದಲ್ಲಿ ಹಳೆಯ ಲಿಪಿಯೇ ಇರಬೇಕು. ನಮ್ಮದರಲ್ಲಿ ಅದೇ ಇತ್ತು. ಭಿಕ್ಷುಗಳು ಬಹಳ ಹೊತ್ತು ನೋಡಿ ನಕ್ಕು, "ಇದು ಅಕ್ಷರವಲ್ಲ, ಅಕ್ಷರದ ಚಿತ್ರ" ಎಂದರು. ಓದಲು ಬಾರದವನು ನೋಡಿ ನೋಡಿ ಕೊರೆದದ್ದು. ನಮ್ಮ ಗಂಟಲು ಒಣಗಿತು.

ಸಮಾಧಾನಕ್ಕೆಂದು ನಮ್ಮಲ್ಲಿದ್ದ ಮತ್ತೊಂದನ್ನು ತೋರಿಸಿದೆವು. ಅದು ಮೂವತ್ತರ ದಶಕದ ಕೊನೆಯದು. ಅದನ್ನು ಅವರು ಓದಿದರು. "ಇದು ನಿಜವಾದದ್ದು" ಎಂದರು. ಆದರೆ ಕೈಯಲ್ಲಿ ಹಿಡಿಯಲಿಲ್ಲ. ಮೇಜಿನ ಮೇಲೆ ಇರಿಸಿಯೇ ನೋಡಿದರು. ಕಾರಣ ಕೇಳಿದಾಗ ನಿಧಾನವಾಗಿ ಹೇಳಿದರು. ಅವರ ಮುತ್ತಜ್ಜನ ತಮ್ಮ ಲಾಮಾ ಆಗಿದ್ದರಂತೆ. 1938ರ ಒಂದು ರಾತ್ರಿ ಮಠಕ್ಕೆ ಬಂದವರು ಅವರನ್ನು ಕರೆದೊಯ್ದರು, ಅಷ್ಟೆ. 1937ರಿಂದ 1939ರವರೆಗೆ ಚೊಯ್‌ಬಾಲ್ಸನ್ ಆಳ್ವಿಕೆಯಲ್ಲಿ, ಸ್ಟಾಲಿನ್‌ನ ಒತ್ತಾಸೆಯಿಂದ, 15,000ಕ್ಕೂ ಮಿಕ್ಕಿ ಲಾಮಾಗಳನ್ನು ಕೊಲ್ಲಲಾಯಿತು. ನೂರಾರು ಮಠಗಳು ನೆಲಸಮವಾದವು. "ಕರೆದೊಯ್ದವರಿಗೂ ಪದಕ ಸಿಕ್ಕಿರಬಹುದಲ್ಲವೇ?" ಎಂದು ಭಿಕ್ಷುಗಳು ಕೇಳಿದರು. 1939ರ ಖಾಲ್ಖಿನ್ ಗೋಲ್ ಯುದ್ಧದಲ್ಲಿ ಜಪಾನೀ ಸೈನ್ಯವನ್ನು ತಡೆದು ನಿಂತ ಸೈನಿಕನದೂ ಇರಬಹುದು ಎಂದೆವು. "ಇರಬಹುದು" ಎಂದರು ಅವರೂ.

ಅಂದಿನಿಂದ ನಮ್ಮ ಪರೀಕ್ಷೆಯ ರೀತಿ ಬದಲಾಯಿತು. ಅಕ್ಕಸಾಲಿಗರ ಕೆಲಸ ಮುಗಿದ ಮೇಲೆಯೇ ನಮ್ಮದು ಶುರು. ಪದಕದ ಬೆನ್ನಲ್ಲಿ ಒಂದು ಸಂಖ್ಯೆ. ಆ ಸಂಖ್ಯೆಯನ್ನೂ ಪಡೆದವನ ಹೆಸರನ್ನೂ ಬರೆದ ಒಂದು ಪುಟ್ಟ ಪುಸ್ತಿಕೆ. ಪುಸ್ತಿಕೆಯ ಹಿಂದೆ ಎಲ್ಲೋ ಕಡತದಲ್ಲಿ, ಯಾವ ಕೆಲಸಕ್ಕಾಗಿ ಕೊಟ್ಟರು ಎಂಬ ಒಂದು ಪುಟ. ಈ ಸರಪಳಿ ಕಡಿಯದೆ ಇದ್ದರೆ ಮಾತ್ರ ಪದಕಕ್ಕೆ ಬಾಯಿ. ಕಡಿದರೆ ಅದು ಬರೀ ಬೆಳ್ಳಿ. ಎರಡನೆಯ ಮಹಾಯುದ್ಧದ ಸೋವಿಯತ್ ಪದಕಗಳ ಕಡತಗಳನ್ನು ರಷ್ಯದ ರಕ್ಷಣಾ ಇಲಾಖೆ 2010ರಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟ ಮೇಲೆ ಎಷ್ಟೋ ಮೂಕ ಪದಕಗಳು ಮಾತಾಡಿದವು. ಗಾಯಗೊಂಡವರನ್ನು ಹೊತ್ತು ತಂದ ದಾದಿ, ತುಂಡಾದ ತಂತಿಯನ್ನು ಗುಂಡಿನ ಮಳೆಯಲ್ಲಿ ಜೋಡಿಸಿದವನು, ಇಂಥವರ ಕಥೆ ನಾಲ್ಕಾರು ಸಾಲಿನಲ್ಲಿ ಸಿಗುತ್ತದೆ.

ಸಂಖ್ಯೆಗಳ ಮಾತು ಬಂದಾಗ ಒಂದನ್ನು ಹೇಳದೆ ಇರಲಾಗದು. ಸೋವಿಯತ್ ಕೆಂಪು ಬಾವುಟದ ಪದಕವನ್ನು 1918ರಲ್ಲಿ ಎಲ್ಲರಿಗಿಂತ ಮೊದಲು ಪಡೆದವನು ಬ್ಲೂಖರ್. 1930ರಲ್ಲಿ ಕೆಂಪು ನಕ್ಷತ್ರದ ಪದಕ ಹುಟ್ಟಿದಾಗಲೂ ಮೊದಲನೆಯದು ಅವನಿಗೇ. 1938ರಲ್ಲಿ ಆ ಬ್ಲೂಖರ್ ತನ್ನದೇ ಸರ್ಕಾರದ ಸೆರೆಯಲ್ಲಿ ಸತ್ತ. 1956ರಲ್ಲಿ ನಿರಪರಾಧಿ ಎಂದರು.

ಇನ್ನು ಮಾರಾಟದ ವಿಷಯ. 1990ರಲ್ಲಿ ಮಂಗೋಲಿಯಾದಲ್ಲಿ ಏಕಪಕ್ಷದ ಆಳ್ವಿಕೆ ಮುಗಿಯಿತು, 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಸಂಬಳ, ಪಿಂಚಣಿಗಳು ಬೆಲೆಯೇರಿಕೆಯಲ್ಲಿ ಕರಗಿಹೋದವು. ಮಾಸ್ಕೋದ ಅರ್ಬಾತ್ ಬೀದಿಯಲ್ಲಿ, ಉಲಾನ್ ಬಾತರ್‌ನ ಸಂತೆಯಲ್ಲಿ, ಮುದುಕರ ಎದೆಯ ಮೇಲಿದ್ದದ್ದು ಪ್ರವಾಸಿಗಳ ಜೇಬಿಗೆ ಇಳಿಯಿತು. ಸೋವಿಯತ್ ಪದಕಗಳನ್ನು ಮಾರುವುದೂ ಕೊಳ್ಳುವುದೂ ಇಂದಿಗೂ ರಷ್ಯದಲ್ಲಿ ಅಪರಾಧ. ದಂಡಸಂಹಿತೆಯ 324ನೆಯ ಕಲಮು ಅದಕ್ಕಾಗಿಯೇ ಇದೆ. ಪುಸ್ತಿಕೆಯಲ್ಲಿ ಹೆಸರಿರುತ್ತದಲ್ಲ, ಹಿಡಿದುಕೊಡುವ ಸಾಕ್ಷಿ ಅದೇ. ಆದ್ದರಿಂದ ಅದನ್ನು ಹರಿದೆಸೆದು ಲೋಹವನ್ನಷ್ಟೇ ಮಾರುವುದು ಅನುಕೂಲ. ಹಾಗೆ ಸರಪಳಿಯ ಕೊಂಡಿ ಕಳಚುತ್ತದೆ. ಕೊಳ್ಳುವ ನಮ್ಮಂಥವರ ಪಾಲೂ ಅದರಲ್ಲಿದೆ ಎಂದು ಒಪ್ಪಿಕೊಳ್ಳಬೇಕು. ಈಗ ಪುಸ್ತಿಕೆಯಿಲ್ಲದ್ದನ್ನು ನಾವು ಕೊಳ್ಳುವುದಿಲ್ಲ. ಹೆಸರು ಸಿಕ್ಕರೆ, ಮನೆಯವರು ಕೇಳಿದರೆ, ಹಿಂದಿರುಗಿಸುತ್ತೇವೆಂದು ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದಿಟ್ಟಿದ್ದೇವೆ. ಇದುವರೆಗೆ ಯಾರೂ ಕೇಳಿಲ್ಲ.

ಮೂವತ್ತರ ದಶಕದ ಆ ಪದಕಕ್ಕೆ ಪುಸ್ತಿಕೆಯಿಲ್ಲ. ಸೈನಿಕನದೋ, ರಾತ್ರಿ ಬಂದವನದೋ? ಅದನ್ನು ಒಂದು ಬಿಳಿ ಬಟ್ಟೆಯ ಮೇಲೆ ಬೇರೆಯಾಗಿ ಇರಿಸಿದ್ದೇವೆ. ಅದರ ಪಕ್ಕದಲ್ಲಿರುವುದು ನಮ್ಮ ಎರಡು ತಿಂಗಳ ಸಂಬಳ. ಭೂತಗನ್ನಡಿ ಮೇಜಿನ ಮೇಲಿದೆ. ಮುಟ್ಟಿ ನೋಡಿ, ತಿರುಗಿಸಿಯೇ ನೋಡಿ. ಬೆಳಕು ಚೆನ್ನಾಗಿರುವಾಗಲೇ ಬನ್ನಿ, ಈ ಸಭಾಂಗಣದ ಮಾಲಿಕರು ಐದು ಗಂಟೆಗೆ ಬಾಗಿಲು ಹಾಕುತ್ತಾರಂತೆ.